ನಮ್ಮೂರಿನ ಚರಿತ್ರೆ ಬರೆಯೋಕೆ ಹೊರಟಿದೀನಿ, ಫಾರಂ 7ರಿಂದ ಹಿಂದಕ್ಕೆ ಹೋಗೋಕೆ ಆಗ್ತಿಲ್ಲ

ಗದ್ದೆಬದಿ

ಎಲ್ರಿಗೂ ನಮಸ್ಕಾರ. ನಾನು ಸಾಗರ ತಾಲೂಕಿನವನು, ಕೆಲಸ ಬೆಂಗಳೂರಲ್ಲಿ. ನಮ್ದು ಹೆಚ್ಚು ಅಂದ್ರೆ ನಲವತ್ತು ಮನೆ ಇರೋ ಊರು, ಹೆಚ್ಚಿನವರು ದೀವರು, ಒಂದು ಕಡೆ ಗದ್ದೆಬೈಲು ಇನ್ನೊಂದು ಕಡೆ ಕಾನು, ಬಸ್ಸಿಗೆ ಎರಡು ಕಿಲೋಮೀಟರ್ ನಡೀಬೇಕು. ಕಳೆದ ದೀಪಾವಳಿಗೆ ಮನೆಗೆ ಹೋದಾಗ ಅಟ್ಟ ಕ್ಲೀನ್ ಮಾಡ್ತಾ ಅಜ್ಜನ ತಗಡಿನ ಟ್ರಂಕ್ ಸಿಕ್ತು. ಒಳಗೆ ಗೇಣಿಗೆ ಉಳ್ತಿದ್ದ ಜಮೀನಿನ ಹಕ್ಕು ಕೇಳಿ ಅಜ್ಜ ಹಾಕಿದ್ದ ಅರ್ಜಿ, ಅಂದ್ರೆ ಫಾರಂ 7ರ ನಕಲು, ಗೆದ್ದಲು ತಿಂದ ಎರಡು ರಸೀದಿ, ಮತ್ತೆ ಒಂದು ಗ್ರೂಪ್ ಫೋಟೋ, ಅದ್ರಲ್ಲಿ ಯಾರ್ಯಾರಿದಾರೆ ಅಂತ ಮನೇಲಿ ಯಾರಿಗೂ ಗೊತ್ತಿಲ್ಲ.

ಅವತ್ತಿಂದ ತಲೆಗೆ ಹುಳ ಬಿಟ್ಕೊಂಡಿದೀನಿ, ನಮ್ಮೂರಿನ ಚರಿತ್ರೆ ಅಂತ ಒಂದು ಸಣ್ಣ ಪುಸ್ತಕ ಮಾಡ್ಬೇಕು, ಊರಿನ ಹುಡುಗರಿಗಾದ್ರೂ ಇರ್ಲಿ ಅಂತ. ಆದ್ರೆ ಯಾವ ಪುಸ್ತಕ ತೆಗೆದ್ರೂ ಕೆಳದಿ ಅರಸರು, ಇಕ್ಕೇರಿ ದೇವಸ್ಥಾನ, ಶಿವಪ್ಪನಾಯಕನ ಶಿಸ್ತು, ಆಮೇಲೆ ಸೀದಾ ಹೈದರಾಲಿ. ಗದ್ದೆ ಉತ್ತವರು ಅದರಲ್ಲೆಲ್ಲೂ ಇಲ್ಲ. ಅಪ್ಪನ್ನ ಕೇಳಿದ್ರೆ "ಮೊದ್ಲು ಒಡೇರ ಕಾಲ ಇತ್ತು, ಆಮೇಲೆ ಅರಸು ಬಂದ್ರು, ಜಮೀನಾಯ್ತು" ಅಂತ ಒಂದೇ ಸಾಲಲ್ಲಿ ಮುಗಿಸ್ತಾರೆ (ಒಡೇರು ಅಂದ್ರೆ ನಮ್ಮ ಕಡೆ ಜಮೀನಿನ ಧಣಿಗಳು, ಅರಸು ಅಂದ್ರೆ ದೇವರಾಜ ಅರಸು). ಅಜ್ಜಿಗೆ ಎಂಬತ್ತೈದರ ಹತ್ರ ಆಯ್ತು, ನೆನಪೆಲ್ಲ ಚೆನ್ನಾಗೇ ಇದೆ, ಆದ್ರೆ ಫೋನ್ ರೆಕಾರ್ಡರ್ ಆನ್ ಮಾಡಿದ ತಕ್ಷಣ ಬಾಯಿ ಬಿಡಲ್ಲ.

1974ರ ಭೂಸುಧಾರಣೆಗೆ ಮೊದಲು ಗೇಣಿ ಮಾಡ್ತಿದ್ದವರ ದಾಖಲೆ ಎಲ್ಲಾದ್ರೂ ಸಿಗ್ತದಾ? ಗೇಣಿ ರೈತರು ಮಾಡಿದ ಕಾಗೋಡು ಸತ್ಯಾಗ್ರಹಕ್ಕೆ ಅಕ್ಕಪಕ್ಕದ ಊರಿಂದ ಜನ ಹೋಗಿದ್ರು ಅಂತಾರೆ, ನಮ್ಮೂರಿಂದ ಯಾರಾದ್ರೂ ಹೋಗಿದ್ರಾ ಅಂತ ತಿಳ್ಕೊಳ್ಳೋದು ಹೇಗೆ? ಗೊತ್ತಿದ್ದವರು ಹೇಳಿ.

ತಾಳಗುಪ್ಪ_ಪ್ಯಾಸೆಂಜರ್

ತಮ್ಮಾ, ಒಳ್ಳೆ ಕೆಲಸಕ್ಕೆ ಕೈ ಹಾಕಿದೀಯ. ನಾನು ರಿಟೈರ್ಡ್ ಮೇಷ್ಟ್ರು, ನಿಮ್ಮ ಕಡೆಯವನೇ. ನಿಂಗೆ ಒಂದು ಮಾತು ಹೇಳ್ತೀನಿ, ನೀನು ದಾಖಲೆಯಿಂದ ಶುರು ಮಾಡ್ಬೇಡ, ಕೊಳಗದಿಂದ ಶುರು ಮಾಡು.

ಕಾಗೋಡು ಗಲಾಟೆ ಎಲ್ಲಿಂದ ಹುಟ್ಟಿದ್ದು ಅಂತ ಈಗಿನವರಿಗೆ ಕೇಳಿದ್ರೆ ಭೂಮಿ ಬೇಕು ಅಂತ ಹೋರಾಟ ಮಾಡಿದ್ರು ಅಂತಾರೆ. ಶುರುವಾಗಿದ್ದು ಭತ್ತ ಅಳೆಯೋ ಪಾತ್ರೆ ಮೇಲೆ. ಗೇಣಿ ಅಳೆಯುವಾಗ ಒಡೇರು ಇಟ್ಕೊಂಡಿದ್ದ ಕೊಳಗ ಸರ್ಕಾರದ ಮುದ್ರೆ ಕೊಳಗಕ್ಕಿಂತ ದೊಡ್ಡದು. ಒಂದು ಕೊಳಗಕ್ಕೆ ಸ್ವಲ್ಪವೇ ವ್ಯತ್ಯಾಸ ಅನ್ನಿಸ್ಬಹುದು, ಆದ್ರೆ ಇಪ್ಪತ್ತು ಕೊಳಗ ಅಂದ್ರೆ ಒಂದು ಖಂಡುಗ, ಖಂಡುಗಗಟ್ಟಲೆ ಅಳೆದು ಕೊಟ್ಟ ಮೇಲೆ ಕಣದಲ್ಲಿ ಉಳಿಯೋದು ಜೊಳ್ಳು ಮತ್ತೆ ಹುಲ್ಲು. ಅದರ ಮೇಲೆ ಬಿಟ್ಟಿ ಕೆಲಸ. ಮೊಣಕಾಲಿಂದ ಕೆಳಗೆ ಪಂಚೆ ಇಳೀಬಾರದು ಅನ್ನೋ ಕಟ್ಟಳೆ ಇತ್ತು ಅಂತ ನಮ್ಮ ಹಿರಿಯರು ಹೇಳ್ತಿದ್ರು, ನನಗಂತೂ ಹಸಿವಿನ ಕಥೆಗಿಂತ ಈ ಪಂಚೆ ಕಥೆ ಕೇಳಿದಾಗಲೇ ಜಾಸ್ತಿ ಮೈ ಉರೀತಿತ್ತು.

ಎಚ್. ಗಣಪತಿಯಪ್ಪನವರು ಊರೂರು ತಿರುಗಿ ರೈತ ಸಂಘ ಕಟ್ಟಿದ್ರು. ಮುದ್ರೆ ಕೊಳಗದಲ್ಲೇ ಅಳೀತೀವಿ ಅಂತ ರೈತರು ಪಟ್ಟು ಹಿಡಿದ್ರು, ಹಂಗಾದ್ರೆ ಗದ್ದೆಗೆ ಇಳೀಬೇಡಿ ಅಂತ ಆ ಕಡೆಯವರು ಅಂದ್ರು. 1951ರ ಏಪ್ರಿಲ್ 18ಕ್ಕೆ ಸತ್ಯಾಗ್ರಹ ಶುರು. ಸತ್ಯಾಗ್ರಹ ಅಂದ್ರೆ ಏನು ಮಾಡಿದ್ರು ಹೇಳು, ನೇಗಿಲು ಹೊತ್ಕೊಂಡು ತಾವೇ ಉಳ್ತಿದ್ದ ಗದ್ದೆಗೆ ಇಳಿಯೋದು, ಪೊಲೀಸರು ಹಿಡ್ಕೊಂಡು ಹೋಗೋದು, ಮಾರನೇ ದಿನ ಮತ್ತೊಂದು ತಂಡ ಇಳಿಯೋದು. ಶಾಂತವೇರಿ ಗೋಪಾಲಗೌಡರು ಮತ್ತೆ ಸೋಷಲಿಸ್ಟ್ ಪಾರ್ಟಿಯವರು ಸೇರ್ಕೊಂಡ್ರು, ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದ್ರು, ಅವರನ್ನೂ ಅರೆಸ್ಟ್ ಮಾಡಿದ್ರು, ಆಗ ಡೆಲ್ಲಿವರೆಗೂ ಸುದ್ದಿ ಆಯ್ತು. ಮರುವರ್ಷ 1952ರ ಎಲೆಕ್ಷನ್ನಲ್ಲಿ ಗೋಪಾಲಗೌಡ್ರು ಈ ಕಡೆಯಿಂದಲೇ ಗೆದ್ದು ಅಸೆಂಬ್ಲಿಗೆ ಹೋದ್ರು. ಆದ್ರೆ ಗದ್ದೆಗೆ ಇಳಿದವರ ಕೈಗೆ ತಕ್ಷಣಕ್ಕೆ ಜಮೀನು ಬಂತಾ ಅಂದ್ರೆ ಇಲ್ಲ ಕಣಪ್ಪ, ಅದಕ್ಕೆ ಇನ್ನೂ ಇಪ್ಪತ್ತಮೂರು ವರ್ಷ ಕಾಯ್ಬೇಕಾಯ್ತು.

ಅದಕ್ಕೇ ಹೇಳಿದ್ದು. ಅಜ್ಜಿ ಹತ್ರ "ಚರಿತ್ರೆ ಹೇಳಿ" ಅಂದ್ರೆ ಏನು ಹೇಳ್ತಾರೆ ಪಾಪ. ಫೋನ್ ಜೇಬಲ್ಲಿಟ್ಟು, ನಮ್ಮನೆ ಕೊಳಗ ಎಲ್ಲಿದೆ ಅಜ್ಜಿ ಅಂತ ಕೇಳು.

ಪಹಣಿಪುರಾಣ

ನಾನು ಮೂವತ್ತು ವರ್ಷ ವಿಲೇಜ್ ಅಕೌಂಟೆಂಟ್ ಆಗಿದ್ದವನು (ಬೇರೆ ತಾಲೂಕು). ಮೇಷ್ಟ್ರು ಹೇಳಿದ್ದು ಸರಿ, ಆದ್ರೆ ದಾಖಲೆ ಬಿಡ್ಬೇಡಿ, ಹೆಂಗೆ ಓದ್ಬೇಕು ಅಂತ ಗೊತ್ತಿರ್ಬೇಕು ಅಷ್ಟೆ.

ಹಳೇ ಪಹಣಿ ತೆಗೆಸಿದ್ರೆ 9ನೇ ಕಾಲಂನಲ್ಲಿ ಖಾತೆದಾರರ ಹೆಸರು, 12ರಲ್ಲಿ ಸಾಗುವಳಿ ಮಾಡೋರ ಹೆಸರು ಇರ್ಬೇಕು. ಇರ್ಬೇಕು ಅಂದೆ. ಎಷ್ಟೋ ಊರಲ್ಲಿ ಗೇಣಿದಾರ ಮೂರು ತಲೆಮಾರಿಂದ ಉಳ್ತಾ ಇದ್ರೂ ಆ ಕಾಲಂನಲ್ಲಿ "ಸ್ವಂತ" ಅಂತ ಬರೆದಿರ್ತದೆ, ಅಂದ್ರೆ ಧಣಿಗಳೇ ಉಳ್ತಿದಾರೆ ಅಂತ ಅರ್ಥ, ಯಾಕಂದ್ರೆ ಪುಸ್ತಕ ಬರೆಯೋರು ಶಾನುಭೋಗರು, ಶಾನುಭೋಗರು ಕೂತ್ಕೊಳ್ಳೋದು ಧಣಿಗಳ ಜಗಲಿ ಮೇಲೆ. ನಾನೂ ಅದೇ ಇಲಾಖೆಯವನೇ, ಹೇಳ್ಕೊಳ್ಳೋಕೆ ನಾಚಿಕೆ ಆಗ್ತದೆ. ಹಾಗಾಗಿ ಪಹಣೀಲಿ ನಿಮ್ಮ ಮುತ್ತಜ್ಜನ ಹೆಸರು ಇಲ್ಲ ಅಂದ ಮಾತ್ರಕ್ಕೆ ಅವ್ರು ಆ ಗದ್ದೆಲಿ ಇರ್ಲಿಲ್ಲ ಅಂತ ತಿಳ್ಕೋಬೇಡಿ.

ನೀವು ಹುಡುಕ್ಬೇಕಾಗಿದ್ದು ಭೂ ನ್ಯಾಯಮಂಡಳಿ ಫೈಲು. 1961ರ ಭೂಸುಧಾರಣೆ ಕಾಯ್ದೆಗೆ ದೇವರಾಜ ಅರಸು ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ಕ್ಕೆ ಜಾರಿಗೆ ಬಂತು, ಅವತ್ತಿಗೆ ಗೇಣೀಲಿದ್ದ ಜಮೀನೆಲ್ಲ ಸರ್ಕಾರಕ್ಕೆ ಸೇರಿತು, ಉಳ್ತಿದ್ದವನು ಫಾರಂ 7 ಹಾಕಿ ಅಧಿಭೋಗದ ಹಕ್ಕು, ಅಂದ್ರೆ ಜಮೀನು ತನ್ನ ಹೆಸರಿಗೆ, ಕೇಳ್ಬೇಕು. ಕೊನೇ ದಿನ ಮುಂದಕ್ಕೆ ಹೋಗ್ತಾ ಹೋಗ್ತಾ 1979ರ ಜೂನ್ 30ವರೆಗೂ ಬಂತು. ನಿಮ್ಮ ಅಜ್ಜ ಹಾಕಿದ್ದು ಅದನ್ನೇ. ಗೆದ್ದವರಿಗೆ ಹಕ್ಕಿನ ಸರ್ಟಿಫಿಕೇಟ್ ಅಂತ ಫಾರಂ 10 ಕೊಟ್ರು. ಟ್ರಂಕಲ್ಲಿ ಇನ್ನೊಂದ್ಸಲ ನೋಡಿ, ಜೋಪಾನವಾಗಿ ಪ್ಲಾಸ್ಟಿಕ್ ಕವರಲ್ಲಿ ಸುತ್ತಿಟ್ಟಿರ್ತಾರೆ.

ಈ ಫೈಲು ಯಾಕೆ ಬಂಗಾರ ಅಂದ್ರೆ, ಮಂಡಳಿ ಮುಂದೆ ಗೇಣಿದಾರ ಬಾಯಿಮಾತಲ್ಲಿ ಹೇಳಿಕೆ ಕೊಟ್ಟಿರ್ತಾನೆ. ಯಾವಾಗಿಂದ ಉಳ್ತಿದೀನಿ, ಗೇಣಿ ಎಷ್ಟು ಖಂಡುಗ, ಯಾರಿಗೆ ಅಳೀತಿದ್ದೆ, ರಸೀದಿ ಕೊಡ್ತಿದ್ರಾ ಇಲ್ವಾ, ಪಕ್ಕದ ಗದ್ದೆಯವನು ಯಾರು ಎಲ್ಲಾ. ಪಕ್ಕದ ಗದ್ದೆಯವನ ಸಾಕ್ಷಿ ಇರ್ತದೆ, ಧಣಿಗಳ ತಕರಾರು ಇರ್ತದೆ, ಸ್ಥಳ ಮಹಜರು ಇರ್ತದೆ, ಕೆಳಗೆ ಹೆಬ್ಬೆಟ್ಟು. ನಿಮ್ಮೂರಿನ ಅಷ್ಟೂ ಮನೆಯವರ ಹೇಳಿಕೆ ಒಂದು ಕಡೆ ಸೇರಿಸಿದ್ರೆ ಅದಕ್ಕಿಂತ ದೊಡ್ಡ ಚರಿತ್ರೆ ಪುಸ್ತಕ ಯಾವುದಿದೆ ಹೇಳಿ. ತಾಲೂಕು ಆಫೀಸಿನ ರೆಕಾರ್ಡ್ ರೂಮಲ್ಲಿ ಸರ್ವೆ ನಂಬರ್ ಕೊಟ್ಟು ನಕಲಿಗೆ ಅರ್ಜಿ ಹಾಕಿ. ಊರಿನ ಹೆಸರಿಂದ ಹುಡುಕೋಕೆ ಹೋದ್ರೆ ಕೂತಲ್ಲೇ ಕೂತಿರ್ತೀರಿ, ಸರ್ವೆ ನಂಬರ್ ಪಟ್ಟಿ ಮೊದ್ಲೇ ಮಾಡ್ಕೊಂಡು ಹೋಗಿ, ಹಿಸ್ಸಾ ಒಡೆದಿದ್ರೆ ಹಳೇ ನಂಬರೂ ಬರ್ಕೊಳಿ. ಸಿಗದೇನೂ ಇರ್ಬಹುದು, ಮಳೆಗಾಲ ಮತ್ತು ಇಲಿ ಎರಡೂ ಸರ್ಕಾರಿ ನೌಕರರಿಗಿಂತ ಜಾಸ್ತಿ ಕೆಲಸ ಮಾಡ್ತವೆ.

ಚಾಲಿಅಡಿಕೆ

ಇದನ್ನ ಬರೆದ್ರೆ ಬೈಸ್ಕೋತೀನಿ ಅಂತ ಗೊತ್ತು, ಆದ್ರೂ ಬರೀತೀನಿ. ನಮ್ಮದು ಜಮೀನು ಕಳ್ಕೊಂಡ ಮನೆ. ಧಣಿಗಳು ಅಂದ ತಕ್ಷಣ ಎಲ್ರ ಕಣ್ಮುಂದೆ ನೂರಾರು ಎಕರೆ, ದೊಡ್ಡ ಮನೆ, ಹೆಬ್ಬಾಗಿಲು ಬರ್ತದೆ. ನನ್ನ ಮುತ್ತಜ್ಜಿ ಮೂವತ್ತಕ್ಕೆ ಗಂಡನ್ನ ಕಳ್ಕೊಂಡಿದ್ಳು, ಎರಡೂವರೆ ಎಕರೆ ಗದ್ದೆ, ಇಬ್ರು ಸಣ್ಣ ಮಕ್ಕಳು, ಉಳೋಕೆ ಗಂಡಸರಿಲ್ಲ ಅಂತ ಗೇಣಿಗೆ ಕೊಟ್ಟಿದ್ಳು. 74ರಲ್ಲಿ ಅದೂ ಹೋಯ್ತು. ಪರಿಹಾರ ಅಂತ ಬಂದಿದ್ದು ಕಂತಿನಲ್ಲಿ, ಅದನ್ನ ತರೋಕೆ ಸಾಗರಕ್ಕೆ ಓಡಾಡಿದ ಬಸ್ ಚಾರ್ಜೇ ಜಾಸ್ತಿ ಆಯ್ತು ಅಂತ ನಮ್ಮಜ್ಜ ಕೊನೇವರೆಗೂ ಹೇಳ್ತಿದ್ರು. ಆಮೇಲೆ ಮೂರು ವರ್ಷ ಆ ಗೇಣಿದಾರರ ಮನೆಗೂ ನಮ್ಮ ಮನೆಗೂ ಮಾತಿರ್ಲಿಲ್ಲ, ಈಗ ಅವರ ಮಗ ನಮ್ಮ ತೋಟಕ್ಕೆ ಅಡಿಕೆ ಕೊನೆ ಕೊಯ್ಯೋಕೆ ಬರ್ತಾರೆ, ಮದುವೆ ಮುಂಜಿಗೆ ಎರಡೂ ಮನೆಯವರು ಹೋಗಿ ಬರ್ತೀವಿ.

ಕಾನೂನು ತಪ್ಪು ಅಂತ ಹೇಳ್ತಿಲ್ಲ ಮಾರಾಯ್ರೆ. ಬರೆಯುವಾಗ ಇಂಥ ಮನೆಗೂ ಒಂದು ಪುಟ ಇರ್ಲಿ ಅಂತ.

ಕೆರೆಕೋಡಿ

@ಚಾಲಿಅಡಿಕೆ ಬೈಯಲ್ಲ, ನಿಮ್ಮ ಮುತ್ತಜ್ಜಿ ಕಥೆ ನಿಜಾನೇ ಇರ್ತದೆ. ಆದ್ರೆ ಪುಟ ಹಂಚೋಕೆ ಕೂತ್ರೆ ನಮಗೆಷ್ಟು ಪುಟ ಅಂತ ಕೇಳ್ಬೇಕಾಗ್ತದೆ.

ಉಳುವವನೇ ಹೊಲದೊಡೆಯ ಅಂದ್ರು. ನಮ್ಮಜ್ಜ ಉಳ್ತಿದ್ದ. ಯಾರ ಗದ್ದೆ? ಒಡೇರ ಗದ್ದೆ. ಗೇಣಿ ಯಾರ ಹೆಸರಲ್ಲಿ? ಗೌಡರ ಹೆಸರಲ್ಲಿ. ನಮ್ಮಜ್ಜ ಆ ಗೌಡರ ಮನೆ ಜೀತದಾಳು, ವರ್ಷಕ್ಕೆ ಇಷ್ಟು ಭತ್ತ ಒಂದು ಕಂಬಳಿ ಅಂತ. ನೇಗಿಲ ಮೇಣಿ ಹಿಡ್ಕೊಂಡಿದ್ದು ಅವನ ಕೈ, ಫಾರಂ 7 ಹಾಕಿದ್ದು ಇನ್ನೊಬ್ರು. ಕಾನೂನು ಗೇಣಿದಾರನನ್ನ ಗುರುತಿಸ್ತು, ಆಳನ್ನ ಗುರುತಿಸ್ಲಿಲ್ಲ. ಜೀತ ನಿಷೇಧ ಆಗಿದ್ದು 1976ಕ್ಕೆ, ಅವತ್ತು ಅಜ್ಜ ಬಿಡುಗಡೆ ಆಗಿ ಹೋಗಿದ್ದೆಲ್ಲಿಗೆ ಅಂದ್ರೆ ಅದೇ ಗದ್ದೆಗೆ ದಿನಗೂಲಿಗೆ. ಆಮೇಲೆ ಕಾನಿನ ಅಂಚಲ್ಲಿ ಒಂದೆಕರೆ ಸವರಿ ಬಗರ್‌ಹುಕುಂ ಸಕ್ರಮಕ್ಕೆ ಅಂತ ಫಾರಂ 50, ಅದು ಹೋಗಿ 53, ಈಗ 57, ನಂಬರ್ ಮಾತ್ರ ಏರ್ತಾ ಇದೆ.

ಗದ್ದೆಬದಿ ಅವ್ರೆ, ನೀವು ನಲವತ್ತು ಮನೆ ಅಂದ್ರಲ್ಲ, ಆ ಲೆಕ್ಕದಲ್ಲಿ ಕೇರಿ ಮನೆ ಸೇರಿಸಿದೀರಾ ಬಿಟ್ಟಿದೀರಾ?

ಗದ್ದೆಬದಿ

@ಕೆರೆಕೋಡಿ ಈ ಪ್ರಶ್ನೆಗೆ ಎರಡು ದಿನದಿಂದ ಉತ್ತರ ಬರೆದು ಅಳಿಸ್ತಾ ಇದೀನಿ. ಸೇರಿಸಿರ್ಲಿಲ್ಲ. ಊರಿಗೆ ಬರುವಾಗ ಮೊದ್ಲು ಸಿಗೋ ಆರು ಮನೆ ಅವು, ದಿನಾ ಅದರ ಮುಂದೇನೇ ನಡ್ಕೊಂಡು ಸ್ಕೂಲಿಗೆ ಹೋಗಿದೀನಿ, ಆದ್ರೂ ಎಣಿಸುವಾಗ ತಲೆಗೇ ಬರ್ಲಿಲ್ಲ. ನಲವತ್ತಾರು ಅಂತ ತಿದ್ಕೊಂಡಿದೀನಿ. ಮುಂದಿನ ಸಲ ಅಲ್ಲಿಂದಲೇ ಕೇಳ್ಕೊಂಡು ಬರ್ತೀನಿ.

ಹಿನ್ನೀರು_ಹುಡುಗಿ

ನಿಮಗೆಲ್ಲ ಸರ್ವೆ ನಂಬರ್ ಆದ್ರೂ ಇದೆ, ನಮ್ಮೂರು ನೀರಡಿ ಇದೆ 🙂

ನಮ್ಮ ಅಪ್ಪನ ಮನೆಯವರು ಶರಾವತಿ ಮುಳುಗಡೆಯವರು. ಎರಡು ಸಲ ಮುಳುಗಿದ ಸೀಮೆ ಅದು, ಮೊದ್ಲು ಮಡೆನೂರಿನ ಹಿರೇಭಾಸ್ಕರ ಡ್ಯಾಮು, ಅದು ಮುಗಿದಿದ್ದು 1948ರ ಹೊತ್ತಿಗೆ, ಜೋಗದ ಕರೆಂಟಿಗೆ ನೀರು ನಿಲ್ಲಿಸೋಕೆ ಕಟ್ಟಿದ್ದು. ಆಮೇಲೆ 1964ಕ್ಕೆ ಲಿಂಗನಮಕ್ಕಿ ಬಂತು, ಆ ನೀರು ಜನರ ಜೊತೆ ಹಳೇ ಡ್ಯಾಮನ್ನೂ ನುಂಗ್ತು. ಬೇಸಿಗೇಲಿ ನೀರು ಇಳಿದಾಗ ಆ ಡ್ಯಾಮು ಮೇಲೆ ಬರ್ತದೆ, ಜನ ಸೆಲ್ಫಿ ತಗೊಳ್ಳೋಕೆ ಹೋಗ್ತಾರೆ, ಸೈಫನ್ ಕಟ್ಟಡ ನೋಡಿ ಎಂಥ ಇಂಜಿನಿಯರಿಂಗ್ ಅಂತ ರೀಲ್ಸ್ ಮಾಡ್ತಾರೆ. ನಮ್ಮಪ್ಪ ಒಂದ್ಸಲ ಹೋದವರು ಡ್ಯಾಮ್ ಕಡೆ ತಿರುಗಿಯೂ ನೋಡ್ಲಿಲ್ಲ, ಕೆಸರಲ್ಲಿ ಒಣಗಿ ನಿಂತಿದ್ದ ಮರದ ಬೊಡ್ಡೆ ಎಣಿಸ್ತಾ ಇದು ನಮ್ಮನೆ ಹಿತ್ಲು ಆಗಿರ್ಬೇಕು ಅಂತ ನಿಂತ್ರು.

ಕಾಗೋಡಿನ ಕಥೆ ಕೇಳಿದಾಗ ನನಗೆ ಬರೋ ಯೋಚನೆ ಏನಂದ್ರೆ, ಗೇಣಿದಾರರಿಗೆ ಭೂಮಿ ಸಿಕ್ಕಿದ್ದು 74ಕ್ಕೆ. ನಮ್ಮ ಕಡೆ ಗೇಣಿ ಮಾಡ್ತಿದ್ದವರು 64ಕ್ಕೇ ಎದ್ದು ಹೋದ್ರು. ಪರಿಹಾರ ಬರೋದು ಖಾತೆ ಇದ್ದವರಿಗೆ ತಾನೆ, ಪಹಣಿಪುರಾಣ ಅವ್ರು ಹೇಳಿದ "ಸ್ವಂತ" ಅಂತ ಬರೆದಿರೋ ಕಥೆ ಇಲ್ಲಿ ಬಂದು ಹೊಡೆಯೋದು. ಲಾರೀಲಿ ಪಾತ್ರೆ, ದನ, ಮಕ್ಕಳನ್ನ ತುಂಬ್ಕೊಂಡು ಹೋಗಿ ಶಿವಮೊಗ್ಗದ ಕಡೆ ಕಾಡಲ್ಲಿ ಇಳಿಸಿದ್ರು, ಕಾಡು ಕಡಿದು ಗದ್ದೆ ಮಾಡಿದ್ರು, 1980ರ ಅರಣ್ಯ ಕಾಯ್ದೆ ಬಂದ ಮೇಲೆ ಅದು ಅರಣ್ಯ ಭೂಮಿ, ಇವತ್ತಿಗೂ ಎಷ್ಟೋ ಮನೆಗೆ ಹಕ್ಕುಪತ್ರ ಇಲ್ಲ. ರಾಜ್ಯಕ್ಕೆಲ್ಲ ಕರೆಂಟ್ ಕೊಟ್ಟ ಜನ, ಆದ್ರೆ ಹಿನ್ನೀರಿನ ಆಚೆ ದಂಡೇಲಿ ಉಳಿದವರು ಅರವತ್ತು ವರ್ಷ ಲಾಂಚ್ ನಂಬ್ಕೊಂಡೇ ಇದ್ರು, ಕಳಸವಳ್ಳಿ ಸೇತುವೆ ಓಪನ್ ಆಗಿದ್ದು ಮೊನ್ನೆ 2025ರ ಜುಲೈಲಿ.

ನಿಮ್ಮಜ್ಜಿ ತವರುಮನೆ ಎಲ್ಲಿ ಅಂತ ಕೇಳಿದೀರಾ? ನಿಮ್ಮ ಕಡೆ ಆ ವಯಸ್ಸಿನ ಹೆಂಗಸರಲ್ಲಿ ಎಷ್ಟೋ ಜನರ ತವರು ಈಗ ಮ್ಯಾಪಲ್ಲಿಲ್ಲ.

ಮತ್ತೆ ಹೆಂಗಸರ ಹತ್ರ ಜಮೀನಿನ ಲೆಕ್ಕ ಕೇಳಿದ್ರೆ "ಗಂಡಸರನ್ನ ಕೇಳು" ಅಂತಾರೆ. ಭೂಮಿ ಹುಣ್ಣಿಮೆಗೆ ಮೊದ್ಲಿನ ದಿನಗಳಲ್ಲಿ ಹೋಗಿ. ಗದ್ದೆಗೆ ಎಡೆ ಹೊತ್ಕೊಂಡು ಹೋಗೋ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು ಪುಂಡಿನಾರಿನ ಬ್ರಷ್ಷಲ್ಲಿ ಚಿತ್ತಾರ ಬರೀತಾ ಕೂತಿರ್ತಾರಲ್ಲ, ಆಗ ಕೈ ಬ್ಯುಸಿ ಇರ್ತದೆ, ಬಾಯಿ ಫ್ರೀ ಇರ್ತದೆ. ಹಬ್ಬದ ಬೆಳಗಿನ ಜಾವ ಗದ್ದೆಗೆ ಚರಗ (ಭೂಮಿಗೆ ಹಾಕೋ ಎಡೆ) ಬೀರೋಕೆ ಯಾವ ಯಾವ ಗದ್ದೆಗೆ ಹೋಗ್ತಿದ್ರಿ ಅಂತ ಕೇಳಿ, ಯಾರ ಖಾತೆಲಿದ್ರೂ ಸರಿ, ತಮ್ದು ಅಂತ ಅಂದ್ಕೊಂಡಿದ್ದ ಗದ್ದೆಗೇ ಚರಗ ಹಾಕೋದು. ನನಗೆ ಅಮ್ಮಮ್ಮ ಹಂಗೆ ಹೇಳಿದ್ದು, ಹನ್ನೊಂದು ಗದ್ದೆ ಹೆಸರು ಒಂದರ ಹಿಂದೊಂದು.

ವೀರಗಲ್ಲು

ಸಣ್ಣ ಸೇರ್ಪಡೆ. ಇನ್ನೂ ಹಿಂದಕ್ಕೆ ಹೋಗ್ಬೇಕು ಅಂದ್ರೆ ಬಿ.ಎಲ್. ರೈಸ್ ಸಾಹೇಬರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾ 8ನೇ ಸಂಪುಟ ನೋಡಿ, ಸಾಗರ, ಸೊರಬದ ಶಾಸನ ಎಲ್ಲ ಅದರಲ್ಲಿದೆ. ಎಲ್ಲಾನೂ ರಾಜರ ದಾನ ಅಲ್ಲ, ದನ ಹೊಡ್ಕೊಂಡು ಹೋದವರ ಜೊತೆ ಹೊಡೆದಾಡಿ ಸತ್ತವರ ಕಲ್ಲುಗಳೂ ಇವೆ. ನಿಮ್ಮೂರ ಕೆರೆ ಏರಿ ಮೇಲೆ, ಭೂತನ ಬನದಲ್ಲಿ ಬಟ್ಟೆ ಒಗೆಯೋ ಕಲ್ಲಾಗಿ ಬಿದ್ದಿರೋದನ್ನ ತಿರುಗಿಸಿ ನೋಡಿ. ಅಕ್ಷರ ಕಂಡ್ರೆ ಸುಣ್ಣ, ಬಣ್ಣ, ಅರಿಶಿನ ಏನೂ ಹಚ್ಬೇಡಿ ದಯವಿಟ್ಟು, ಓರೆ ಬಿಸಿಲಲ್ಲಿ ಫೋಟೋ ತೆಗೆದು ಇಲ್ಲಿ ಹಾಕಿ.

ಗದ್ದೆಬದಿ

ಅಪ್‌ಡೇಟ್. ಈ ಶನಿವಾರ ಊರಿಗೆ ಹೋಗಿದ್ದೆ.

ರೆಕಾರ್ಡ್ ರೂಮಿಗೆ ಅರ್ಜಿ ಕೊಟ್ಟೆ, ಹದಿನೇಳು ಸರ್ವೆ ನಂಬರಲ್ಲಿ ಸದ್ಯಕ್ಕೆ ನಾಲ್ಕರ ಫೈಲ್ ಇದೆ ಅಂದ್ರು, ಉಳಿದಿದ್ದು "ನೋಡೋಣ". ಫಾರಂ 10 ಟ್ರಂಕಲ್ಲೇ ಇತ್ತು, ಪಹಣಿಪುರಾಣ ಸರ್ ಹೇಳಿದ ಹಾಗೇ ಪ್ಲಾಸ್ಟಿಕ್ ಕವರಲ್ಲಿ, ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ಅದು.

ಮೇಷ್ಟ್ರೆ, ಕೊಳಗ ಎಲ್ಲಿದೆ ಅಜ್ಜಿ ಅಂತ ಕೇಳಿದೆ. ಎದ್ದು ಹೋಗಿ ದೇವರ ಕೋಣೆಯಿಂದ ತಂದ್ರು, ಕರೀ ಬಣ್ಣದ ಮರದ್ದು, ಬಾಯಿಗೆ ಕಬ್ಬಿಣದ ಪಟ್ಟಿ. ಅದರಲ್ಲಿ ದೇವರ ಚಿಲ್ಲರೆ ಹಾಕಿಡ್ತಿದ್ರು, ಚಿಕ್ಕಂದಿಂದ ನೋಡಿದ್ರೂ ಏನು ಅಂತ ಕೇಳಿರ್ಲಿಲ್ಲ. ಇದೇನಾ ಒಡೇರಿಗೆ ಅಳೀತಿದ್ದಿದ್ದು ಅಂದೆ. ಅಜ್ಜಿ ನಗೋಕೆ ಶುರು ಮಾಡಿದ್ರು. ಇದು ನಮ್ಮನೇದು, ಒಡೇರ ಕೊಳಗ ಅವರ ಮನೆಯಿಂದ ಆಳಿನ ತಲೆ ಮೇಲೆ ಬರ್ತಿತ್ತು, ನಮ್ಮದ್ರಲ್ಲಿ ಅಳೆದಿದ್ರೆ ಲೆಕ್ಕಕ್ಕಿಲ್ಲ ಅಂದ್ರು. ಆಮೇಲೆ ಕೂತಲ್ಲೇ ಕೈ ಮಾಡಿ ತೋರಿಸಿದ್ರು, ನಾವು ನಮಗೆ ಅಳ್ಕೊಂಡ್ರೆ ಬಾಯಿಮಟ್ಟ, ಅವರಿಗೆ ಅಳೆದ್ರೆ ಮೇಲೆ ರಾಶಿ ಏರಿಸ್ಬೇಕು, ಉದುರಿದ್ದು ಕೂಡ ಅವರ ಚಾಪೆ ಮೇಲೇ ಉದುರ್ಬೇಕು. ಮೊದಲ ಕೊಳಗಕ್ಕೆ ಒಂದು ಅನ್ನೋ ಹಾಗಿಲ್ವಲ್ಲ, ಲಾಭ ಅನ್ಬೇಕು. "ಲಾಭ ಅಂತ ಕೂಗೋನು ನಿಮ್ಮಜ್ಜ, ಲಾಭ ಹೊತ್ಕೊಂಡು ಹೋಗೋರು ಅವ್ರು" ಅಂದ್ರು. ಮೂವತ್ತೊಂದು ವರ್ಷದಲ್ಲಿ ಅಜ್ಜಿ ಬಾಯಲ್ಲಿ ಇಷ್ಟು ಉದ್ದ ಮಾತು ಕೇಳಿದ್ದು ಇದೇ ಮೊದಲು, ಫೋನ್ ಜೇಬಲ್ಲಿತ್ತು, ರೆಕಾರ್ಡ್ ಆಗ್ಲಿಲ್ಲ, ರಾತ್ರಿ ಕೂತು ನೆನಪಿದ್ದಷ್ಟು ಬರ್ಕೊಂಡೆ.

@ಹಿನ್ನೀರು_ಹುಡುಗಿ ತವರು ಹೊಳೆಯಾಚೆಯದೇ. ನನಗೆ ಗೊತ್ತೇ ಇರ್ಲಿಲ್ಲ. ಮದುವೆ ಆಗಿ ಬಂದ ಏಳನೇ ವರ್ಷಕ್ಕೆ ನೀರು ಬಂತಂತೆ, ಅಪ್ಪ ಅಮ್ಮ ಎಲ್ಲಿಗೆ ಹೋದ್ರು ಅಂತ ತಿಳಿಯೋಕೆ ಎರಡು ತಿಂಗಳಾಯ್ತಂತೆ. ಊರಿನ ಹೆಸರು ಹೇಳಿದ್ರು, ಇಲ್ಲಿ ಹಾಕ್ಲಾ ಅಂತ ಕೇಳಿದ್ದಕ್ಕೆ ಬೇಡ ಅಂದ್ರು, ನಿಮಗೆ ಮೆಸೇಜ್ ಮಾಡ್ತೀನಿ, ನಿಮ್ಮಪ್ಪನಿಗೆ ಗೊತ್ತಿರ್ಬಹುದು.

ಗ್ರೂಪ್ ಫೋಟೋದಲ್ಲಿ ಎರಡನೇ ಸಾಲಲ್ಲಿ ನಿಂತಿರೋನು ಅಜ್ಜನ ಅಣ್ಣ ಅಂತ ಅಜ್ಜಿ ಗುರುತು ಹಿಡಿದ್ರು. ಕಾಗೋಡು ಸತ್ಯಾಗ್ರಹದಲ್ಲಿ ಜೈಲಿಗೆ ಹೋಗಿದ್ನಾ ಅಂದೆ. "ಹದಿನೈದು ದಿನ ಮನೇಲಿರ್ಲಿಲ್ಲ ಅಂತಿದ್ರು, ಜೈಲೋ ಜಾತ್ರೆಯೋ ನಾ ಕಂಡಿಲ್ಲ, ಆಗಿನ್ನೂ ನಾ ಈ ಮನೆಗೆ ಬಂದಿರ್ಲಿಲ್ಲ" ಅಂದು ಅಡಿಕೆ ಕತ್ತರಿಸೋಕೆ ಕೂತ್ರು.

ಕೇರಿಯ ಆರು ಮನೇಲಿ ಎರಡು ಮನೆಗೆ ಹೋದೆ. ಮೊದಲ ಮನೇಲಿ ಟೀ ಕೊಟ್ಟು ಯಾವ ಸ್ಕೀಮಿಗೆ ಸರ್ವೆ ಮಾಡ್ತಿದೀಯ ಅಂತ ಕೇಳಿದ್ರು. ಸ್ಕೀಮ್ ಅಲ್ಲ ಅಂತ ನಂಬ್ಸೋಕೆ ಅರ್ಧ ಗಂಟೆ ಬೇಕಾಯ್ತು. @ಕೆರೆಕೋಡಿ, ನಿಮಗೆ ಬಿಡುವಿದ್ರೆ ಮುಂದಿನ ಸಲ ಜೊತೆಗೆ ಬರ್ತೀರಾ? ತಿಂಗಳ ಕೊನೇ ಭಾನುವಾರ ಹೋಗ್ತಾ ಇದೀನಿ, ಸಾಗರ ಬಸ್ ಸ್ಟ್ಯಾಂಡಿಂದ ಬೈಕಲ್ಲಿ ಕರ್ಕೊಂಡು ಹೋಗ್ತೀನಿ.

ಕೆರೆಕೋಡಿ

ಬರ್ತೀನಿ. ಎಂಟು ಗಂಟೆ ಬಸ್ಸಿಗೆ ಇಳೀತೀನಿ, ಅದಕ್ಕೆ ಮೊದ್ಲು ಬಸ್ಸಿಲ್ಲ.